ತೇವ ಹೀರುವ ಹರಳು: ಬಳಕೆ, ದಾಸ್ತಾನು ಮತ್ತು ವಿಲೇವಾರಿ



ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಅಡಿಕೆ ಸುಲಿಯುವ ಚಪ್ಪರದ ಬಳಿ ಆಡುತ್ತಿದ್ದ ಮಗುವೊಂದು ನೀಲಿ ಬಣ್ಣದ ಹರಳುಗಳನ್ನು ಬಾಯಿಗೆ ಹಾಕಿಕೊಂಡಿತು. ತಾಯಿ ಗಾಬರಿಯಿಂದ ಗಂಟಲಿಗೆ ಬೆರಳಿಟ್ಟು ವಾಂತಿ ಮಾಡಿಸಲು ಹೊರಟರು. ಅದನ್ನು ತಡೆದು, ಬಾಯಿ ತೊಳೆಸಿ, ಉಳಿದ ಹರಳನ್ನು ಕಾಗದದಲ್ಲಿ ಕಟ್ಟಿಕೊಂಡು ವೈದ್ಯರಲ್ಲಿಗೆ ಹೋದೆವು. ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ಹರಳು ಅಲ್ಲಿಗೆ ಬಂದದ್ದು ಹೇಗೆ ಎಂದು ವಿಚಾರಿಸಿದಾಗ ತಪ್ಪು ನಮ್ಮದೇ ಎಂದು ತಿಳಿಯಿತು. ತೇವಾಂಶ ಮಾಪಕದ ಪೆಟ್ಟಿಗೆಯಲ್ಲಿದ್ದ ಹಳೆಯ ಹರಳನ್ನು ನಾವೇ ತಿಪ್ಪೆಗೆ ಸುರಿಸಿದ್ದೆವು. ಆ ಕಾರಣದಿಂದಲೇ ಈ ಪಾಠ.

ಈ ಹರಳಿನ ಹೆಸರು ಸಿಲಿಕಾ ಜೆಲ್. ಮರಳಿನಲ್ಲಿರುವ ಸಿಲಿಕಾವೇ ಇದರ ಮೂಲದ್ರವ್ಯ; ಆದರೆ ಇದನ್ನು ಕಾರ್ಖಾನೆಯಲ್ಲಿ ಅಸಂಖ್ಯಾತ ಸೂಕ್ಷ್ಮ ರಂಧ್ರಗಳಿರುವಂತೆ ತಯಾರಿಸುತ್ತಾರೆ. ಗಾಳಿಯ ನೀರಾವಿ ಆ ರಂಧ್ರಗಳ ಗೋಡೆಗೆ ಅಂಟಿಕೊಳ್ಳುತ್ತದೆ. ಬಹಳ ತೇವದ ಗಾಳಿಯಲ್ಲಿ ಅದು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ನೀರು ಹೀರಬಲ್ಲದು. ಹೀರಿದ ಮೇಲೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಕಲ್ಲುಗಣಿಯವರನ್ನು ಕಾಡುವ ಸಿಲಿಕೋಸಿಸ್ ರೋಗಕ್ಕೆ ಕಾರಣ ಸ್ಫಟಿಕ ರೂಪದ ಸಿಲಿಕಾ ಧೂಳು; ಈ ಹರಳು ಆ ರೂಪದ್ದಲ್ಲ. ಹಾಗಿದ್ದರೂ ಇದರ ಪುಡಿ ಕಣ್ಣು, ಮೂಗು, ಗಂಟಲುಗಳನ್ನು ಒಣಗಿಸಿ ಉರಿಸುತ್ತದೆ.

ಬಣ್ಣದ ಭೇದವನ್ನು ಸದಸ್ಯರು ಮೊದಲು ಅರಿಯಬೇಕು. ಔಷಧಿ ಶೀಶೆ, ಪಾದರಕ್ಷೆ, ಯಂತ್ರಗಳ ಪೆಟ್ಟಿಗೆಗಳಲ್ಲಿ ಬರುವ ಬಿಳಿ ಹರಳು ವಿಷವಲ್ಲ. ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಭಯವೇ ಮುಖ್ಯ. ನೀಲಿ ಹರಳಿಗೆ ಕೋಬಾಲ್ಟ್ ಕ್ಲೋರೈಡ್ ಲೇಪಿಸಿರುತ್ತಾರೆ. ಒಣಗಿದ್ದಾಗ ನೀಲಿ, ತೇವ ತುಂಬಿದಾಗ ಗುಲಾಬಿ. ದೊಡ್ಡ ವಿದ್ಯುತ್ ಪರಿವರ್ತಕಗಳ ಪಕ್ಕದಲ್ಲಿ ತೂಗುವ ಗಾಜಿನ ಬುರುಡೆಯಲ್ಲಿ ತಾವು ಇದನ್ನು ಕಂಡಿರಬಹುದು. ಈ ಕೋಬಾಲ್ಟ್ ಲವಣದ ಧೂಳು ಉಸಿರಿನೊಡನೆ ಒಳಹೋದರೆ ಕ್ಯಾನ್ಸರ್ ತರಬಲ್ಲದೆಂದು ಯುರೋಪಿನ ದೇಶಗಳು ವರ್ಗೀಕರಿಸಿವೆ. ಕಿತ್ತಳೆ ಬಣ್ಣದ್ದರಲ್ಲಿ ಕೋಬಾಲ್ಟ್ ಇರುವುದಿಲ್ಲ. ಹೊಸದಾಗಿ ಕೊಳ್ಳುವವರು ಅದನ್ನೇ ಕೇಳಿ ಪಡೆಯುವುದು ಲೇಸು. ಆದರೆ ಅದೂ ತಿನ್ನುವ ಪದಾರ್ಥಗಳ ಜೊತೆ ಇಡತಕ್ಕದ್ದಲ್ಲ.

ಇನ್ನೊಂದು ಎಚ್ಚರಿಕೆ ಇದಕ್ಕಿಂತಲೂ ದೊಡ್ಡದು. ಚಿಕ್ಕ ಪೊಟ್ಟಣಗಳೆಲ್ಲ ಸಿಲಿಕಾ ಜೆಲ್ ಅಲ್ಲ. ಕೆಲವು ಪೊಟ್ಟಣಗಳಲ್ಲಿ ಸುಟ್ಟ ಸುಣ್ಣವಿರುತ್ತದೆ; ಅದು ನೀರು ತಗುಲಿದರೆ ಕುದಿಯುವಷ್ಟು ಕಾದು ಕಣ್ಣನ್ನೇ ಕೆಡಿಸಬಹುದು. ರಾಗಿ, ಜೋಳದ ಹುಳುವಿಗೆಂದು ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಮತ್ತು ಪುಡಿಯ ಪೊಟ್ಟಣವಂತೂ ಗಾಳಿಯ ತೇವಕ್ಕೇ ಪ್ರಾಣಾಂತಕ ವಿಷಾನಿಲವನ್ನು ಬಿಡುತ್ತದೆ. ಒಂದು ತೇವ ಹೀರಿ ಸುಮ್ಮನಿರುತ್ತದೆ, ಇನ್ನೊಂದು ತೇವ ತಗುಲಿ ಕೊಲ್ಲುತ್ತದೆ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡಲೇಬೇಡಿ. ಹೆಸರಿಲ್ಲದ ಪೊಟ್ಟಣವನ್ನು ವಿಷವೆಂದೇ ಭಾವಿಸಿ.

ಹೊಳಲ್ಕೆರೆ, ಹೊಸದುರ್ಗದ ಕಡೆಯ ಕೆಲವು ಬೆಳೆಗಾರರು, ಅಡಿಕೆ ಚೀಲದೊಳಗೇ ಈ ಹರಳನ್ನು ಇಟ್ಟರೆ ಬೂಷ್ಟು ತಪ್ಪುವುದಲ್ಲವೇ ಎಂದು ಕೇಳಿದ್ದಾರೆ. ಲೆಕ್ಕ ಹಾಕಿ ನೋಡೋಣ. 60 ಕಿಲೋ ಚೀಲದಲ್ಲಿ ಶೇಕಡ 5ರಷ್ಟು ಹೆಚ್ಚಿನ ತೇವವಿದ್ದರೆ ಅದು 3 ಕಿಲೋ ನೀರು. ಮೂರರಲ್ಲೊಂದು ಪಾಲಿನ ಲೆಕ್ಕದಲ್ಲೇ ಅದನ್ನು ಹೀರಲು 9 ಕಿಲೋ ಹರಳು ಬೇಕು. ಚೀಲದ ನೇಯ್ಗೆಯಿಂದ ಹೊರಗಿನ ಗಾಳಿಯೂ ನುಗ್ಗುವುದರಿಂದ ಅದೂ ಸಾಲದು. ಮೇಲಾಗಿ ಅಡಿಕೆ ಬಾಯಿಗೆ ಹೋಗುವ ಸರಕು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ 2022ರಂತಹ ಮಳೆಯ ವರ್ಷದಲ್ಲೂ ಬೇಯಿಸಿದ ಅಡಿಕೆಗೆ ಬಿಸಿಲು, ಬಿಸಿಲಿಲ್ಲದಿದ್ದರೆ ಒಣಗಿಸುವ ಯಂತ್ರ, ಇವೆರಡೇ ಗತಿ. ಕಾಫಿಗೂ ಇದೇ ಮಾತು. ಹಡಗಿನ ಕಂಟೇನರುಗಳಲ್ಲಿ ತೂಗುಹಾಕುವ ತೇವನಿವಾರಕ ಚೀಲಗಳಲ್ಲಿ ಇರುವುದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್. ಅದು ದಾರಿಯಲ್ಲಿ ಹನಿಯುವ ತೇವವನ್ನು ತಡೆಯಲು, ಹಸಿ ಕಾಫಿಯನ್ನು ಒಣಗಿಸಲು ಅಲ್ಲ. ಸಿಲಿಕಾ ಜೆಲ್‌ಗೆ ನಮ್ಮಲ್ಲಿ ತಕ್ಕ ಜಾಗ ಮುಚ್ಚಿದ ಡಬ್ಬಿ: ತೇವಾಂಶ ಮಾಪಕ, ವಿದ್ಯುನ್ಮಾನ ತಕ್ಕಡಿಯ ಬಿಡಿಭಾಗ, ತರಕಾರಿ ಬೀಜದ ಶೀಶೆ.

ಬಳಸುವಾಗ ಪಾಲಿಸತಕ್ಕ ಕ್ರಮಗಳು:

1. ಗಾಳಿಯಾಡದ ಗಾಜಿನ ಶೀಶೆ ಅಥವಾ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಮೇಲೆ ಕನ್ನಡದಲ್ಲಿ ಹೆಸರು ಬರೆಯಿರಿ. ಸಕ್ಕರೆ, ಉಪ್ಪಿನ ಹಳೆಯ ಡಬ್ಬಿ ಬೇಡ. ಮಕ್ಕಳ ಕೈಗೆ ಎಟುಕದಿರಲಿ.

2. ಸುರಿಯುವಾಗ ಧೂಳೇಳದಂತೆ ನೋಡಿಕೊಂಡು ಮೂಗಿಗೆ ಬಟ್ಟೆ ಕಟ್ಟಿ. ಬಣ್ಣದ ಹರಳಿಗೆ ಕೈಗವಸು ಹಾಕಿ. ನೆಲಕ್ಕೆ ಚೆಲ್ಲಿದರೆ ಕಾಲು ಜಾರುತ್ತದೆ. ಒದ್ದೆ ಬಟ್ಟೆಯಿಂದ ಬಳಿದು ತೆಗೆಯಿರಿ.

3. ಒಣ ಹರಳಿನ ಮೇಲೆ ನೀರು ಸುರಿಯಬೇಡಿ. ಅದು ಬಿಸಿಯೇರಿ ಚಟಪಟನೆ ಸಿಡಿಯುತ್ತದೆ.

4. ತೇವ ತುಂಬಿದ ಬಿಳಿ ಹರಳನ್ನು ಪೊಟ್ಟಣದಿಂದ ಬಿಡಿಸಿ, ತಟ್ಟೆಯಲ್ಲಿ ತೆಳುವಾಗಿ ಹರಡಿ, 110ರಿಂದ 120 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಸುಮಾರು 2 ಗಂಟೆ ಕಾಯಿಸಿದರೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಬಿಸಿಲಿಗೆ ಹಾಕಿದರೆ ಪೂರ್ತಿ ಒಣಗದು. ನೀಲಿ ಹರಳನ್ನು ಅಡುಗೆಮನೆಯಲ್ಲಾಗಲಿ, ರೊಟ್ಟಿ ಹಂಚಿನ ಮೇಲಾಗಲಿ ಕಾಯಿಸಕೂಡದು.

5. ಪರಿವರ್ತಕದಿಂದ ತೆಗೆದು ಬಿಸುಟ ಹರಳನ್ನು ಆಯ್ದು ತರಬೇಡಿ. ಅದರಲ್ಲಿ ಎಣ್ಣೆಯೂ ಸೇರಿರಬಹುದು.

ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸಬೇಡಿ. ಬಾಯಲ್ಲಿ ಉಳಿದುದನ್ನು ತೆಗೆದು, ಮುಕ್ಕಳಿಸಿ, ಎಚ್ಚರವಿದ್ದರೆ ನೀರು ಕುಡಿಸಿ. ಉಸಿರು ಕಟ್ಟಿದರೆ, ಹರಳು ಬಣ್ಣದ್ದಾದರೆ, ಅಥವಾ ಏನೆಂದು ತಿಳಿಯದಿದ್ದರೆ ಪೊಟ್ಟಣ ಸಮೇತ ಕೂಡಲೇ ವೈದ್ಯರಲ್ಲಿಗೆ ಹೋಗಿ. ವಿಷದ ಗುಳಿಗೆಯ ಶಂಕೆಯಿದ್ದರೆ ನೀರನ್ನೂ ಕುಡಿಸದೆ ಆಸ್ಪತ್ರೆಗೆ ಧಾವಿಸಿ. ಕಣ್ಣಿಗೆ ಬಿದ್ದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ.

ಇನ್ನು ವಿಲೇವಾರಿ. ಬಿಳಿ ಹರಳನ್ನು ಪೊಟ್ಟಣದಲ್ಲೇ ಒಣಕಸಕ್ಕೆ ಹಾಕಬಹುದು. ನೀಲಿಯದು ಹಾಗಲ್ಲ. ಕೋಬಾಲ್ಟ್ ಲವಣ ನೀರಿನಲ್ಲಿ ಕರಗುವುದರಿಂದ ಅದನ್ನು ತಿಪ್ಪೆ, ತೋಟ, ಕೆರೆ, ಕೊಳವೆಬಾವಿಯ ಹತ್ತಿರ ಎಲ್ಲಿಯೂ ಸುರಿಯಬಾರದು. ಜಲಚರಗಳಿಗೆ ಅದು ವಿಷ. ಬೆಂಕಿಗೆ ಹಾಕಿದರೂ ಲೋಹ ನಾಶವಾಗದೆ ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯನ್ನು ನಾವು ತೆಂಗಿನ ಬುಡಕ್ಕೆ ಹಾಕುತ್ತೇವೆ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಕೀಟನಾಶಕದ ಡಬ್ಬಿ, ಹಳೆಯ ಬ್ಯಾಟರಿಗಳಂತೆ ಅಪಾಯಕಾರಿ ಕಸವೆಂದು ಪ್ರತ್ಯೇಕವಾಗಿಯೇ ಕೊಡತಕ್ಕದ್ದು.

ನಾವು ಸಂಘದ ಮಾಪಕದ ನೀಲಿ ಹರಳನ್ನು ತೆಗೆದು ಬಿಳಿಯದನ್ನು ಇಟ್ಟಿದ್ದೇವೆ. ತಿಪ್ಪೆಯಿಂದ ಸಿಕ್ಕಷ್ಟನ್ನು ಆರಿಸಿ ಡಬ್ಬಿಯಲ್ಲಿ ಬೀಗದೊಳಗೆ ಇರಿಸಿದ್ದೇವೆ. ಸಿಗದೆ ಮಣ್ಣಿಗೆ ಸೇರಿದ್ದನ್ನು ಮರಳಿ ತರುವ ಉಪಾಯ ನಮ್ಮಲ್ಲಿಲ್ಲ. ಸದಸ್ಯರು ಇಂದೇ ತಮ್ಮ ಮನೆಯ ಕಪಾಟು, ಕಣಜ, ಯಂತ್ರದ ಪೆಟ್ಟಿಗೆಗಳನ್ನು ಒಮ್ಮೆ ನೋಡಬೇಕೆಂದೂ, ಸುಲಿಯಲು ಬರುವವರಿಗೂ ಈ ವಿಷಯವನ್ನು ಓದಿ ಹೇಳಬೇಕೆಂದೂ ಕೋರುತ್ತೇವೆ.