ಎಲೆಕ್ಟ್ರಾನಿನ ರಾಶಿ ಸೊನ್ನೆಯೇ?



ಪ್ರಪಂಚದಲ್ಲಿ ನಾವು ಮುಟ್ಟುವ ವಸ್ತುಗಳೆಲ್ಲಾ ಪರಮಾಣುಗಳಿಂದ ಆಗಿವೆ. ಕಲ್ಲು, ನೀರು, ಗಾಳಿ, ನಮ್ಮ ಮೈ, ನೀವು ಓದುತ್ತಿರುವ ಈ ಡ್ರಾಯಿಂಗ್ ಶೀಟು ಎಲ್ಲಾ ಅದರಿಂದಲೇ. ಪರಮಾಣುವಿನ ಒಳಗೆ ಇನ್ನೂ ಚಿಕ್ಕದಾದ ಮೂರು ಬಗೆಯ ಕಣಗಳಿವೆ. ನಡುವೆ ಇರುವ ನ್ಯೂಕ್ಲಿಯಸ್ಸಿನಲ್ಲಿ ಪ್ರೋಟಾನು ಮತ್ತು ನ್ಯೂಟ್ರಾನು, ಅದರ ಸುತ್ತ ಹೊರಗೆ ಎಲೆಕ್ಟ್ರಾನು. ಇವನ್ನು ಎರಡು ಗುಣಗಳಿಂದ ಗುರುತಿಸುತ್ತಾರೆ. ಒಂದು ರಾಶಿ, ಇನ್ನೊಂದು ವಿದ್ಯುದಾವೇಶ.

ರಾಶಿ ಅಂದರೆ ಸುಗ್ಗಿಯಲ್ಲಿ ಕಣದಲ್ಲಿ ಮಾಡುವ ರಾಶಿ ಅಲ್ಲ. ಒಂದು ವಸ್ತುವಿನಲ್ಲಿ ದ್ರವ್ಯ ಎಷ್ಟಿದೆ ಎಂಬುದೇ ಅದರ ರಾಶಿ. ತಕ್ಕಡಿಯಲ್ಲಿಟ್ಟು ಹೋಲಿಸಿ ನೋಡೋದು ಅದನ್ನೇ. ಹಾಗೇ ಆವೇಶ ಅಂದರೆ ಜಾತ್ರೆಯಲ್ಲಿ ಮೈಮೇಲೆ ಬರುವ ಆವೇಶವೂ ಅಲ್ಲ. ಕಣಗಳು ಒಂದನ್ನೊಂದು ಎಳೆಯುವುದಕ್ಕೆ ಅಥವಾ ದೂಡುವುದಕ್ಕೆ ಕಾರಣವಾದ ಗುಣ ಅದು. ಅದರಲ್ಲಿ ಧನ (+), ಋಣ (−) ಎಂದು ಎರಡು ಬಗೆ. ಒಂದೇ ಬಗೆಯವು ದೂಡುತ್ತವೆ. ಬೇರೆ ಬೇರೆ ಬಗೆಯವು ಎಳೆಯುತ್ತವೆ.

ಪ್ರೋಟಾನಿನ ರಾಶಿಯನ್ನು ಕಿಲೋಗ್ರಾಮಿನಲ್ಲಿ ಬರೆಯಬೇಕಾದರೆ ದಶಮಾಂಶ ಬಿಂದುವಿನ ಮುಂದೆ 26 ಸೊನ್ನೆ ಹಾಕಿ ಆಮೇಲೆ 167 ಬರೆಯಬೇಕು! ಆದ್ದರಿಂದ ವಿಜ್ಞಾನಿಗಳು ಪರಮಾಣು ರಾಶಿ ಏಕಮಾನ ಎಂಬ ಚಿಕ್ಕ ಅಳತೆಯನ್ನು ಬಳಸುತ್ತಾರೆ.

ಕೋಷ್ಟಕ (ರಾಶಿ ಏಕಮಾನದಲ್ಲಿ)
ಪ್ರೋಟಾನು: ರಾಶಿ 1.0073, ಆವೇಶ +1
ನ್ಯೂಟ್ರಾನು: ರಾಶಿ 1.0087, ಆವೇಶ 0
ಎಲೆಕ್ಟ್ರಾನು: ರಾಶಿ 0.00055, ಆವೇಶ −1

ಸೊನ್ನೆ ಅಲ್ಲ!

ಕೆಲವು ಕಡೆ ಎಲೆಕ್ಟ್ರಾನಿನ ರಾಶಿ 0 ಅಂತ ಬರೆದಿರುತ್ತಾರೆ. ಲೆಕ್ಕ ಸುಲಭವಾಗಲಿ ಅಂತ ಹಾಗೆ ಬರೆಯುತ್ತಾರೆಯೇ ಹೊರತು ಅದು ನಿಜವಾಗಿ ಸೊನ್ನೆ ಅಲ್ಲ. ಎಲೆಕ್ಟ್ರಾನು ಒಂದು ಜೋಳದ ಕಾಳು ಅಂದುಕೊಂಡರೆ, ಪ್ರೋಟಾನು ಅಂಥ 1836 ಕಾಳುಗಳಿಗೆ ಸಮ. ನ್ಯೂಟ್ರಾನು ಸುಮಾರು 1839 ಕಾಳುಗಳಿಗೆ ಸಮ.

ಈಗ ಒಂದು ಲೆಕ್ಕ ಮಾಡೋಣ. 10 ಲೀಟರ್ ಹಿಡಿಯುವ ಒಂದು ಕೊಡ ನೀರು ತಗೊಳ್ಳಿ. ಅದರ ರಾಶಿ 10 ಕಿಲೋ, ಅಂದರೆ 10,000 ಗ್ರಾಂ. ನೀರಿನ ಒಂದು ಅಣುವಿನಲ್ಲಿ 2 ಹೈಡ್ರೋಜನ್, 1 ಆಕ್ಸಿಜನ್ ಪರಮಾಣು ಇರುತ್ತವೆ. ಒಟ್ಟು 10 ಪ್ರೋಟಾನು, 8 ನ್ಯೂಟ್ರಾನು, 10 ಎಲೆಕ್ಟ್ರಾನು. ಭಾರದ ಕಣಗಳು 18 ಆದವು. 18 × 1836 = 33,048. ಅಂದರೆ 33,048 ಪಾಲು ಭಾರದ ಕಣಗಳದ್ದು, ಬರೀ 10 ಪಾಲು ಎಲೆಕ್ಟ್ರಾನುಗಳದ್ದು. ಇದನ್ನು ಭಾಗಿಸಿದರೆ ಇಡೀ ಕೊಡದಲ್ಲಿ ಎಲೆಕ್ಟ್ರಾನುಗಳೆಲ್ಲ ಸೇರಿ ಸುಮಾರು 3 ಗ್ರಾಂ! ಬಹಳ ಕಡಿಮೆ ನಿಜ, ಆದರೆ ಸೊನ್ನೆ ಅಲ್ಲವಲ್ಲ.

ಹಗುರವಾದರೂ ಸರಿಸಮ

ಇನ್ನೊಂದು ಆಶ್ಚರ್ಯ ನೋಡಿ. ಪ್ರೋಟಾನು 1836 ಪಟ್ಟು ಭಾರ ಇದ್ದರೂ ಅದರ ಆವೇಶ 1836 ಪಟ್ಟು ಇಲ್ಲ. ಎರಡರ ಆವೇಶದ ಪ್ರಮಾಣ ಒಂದೇ, ಚಿಹ್ನೆ ಮಾತ್ರ ಬೇರೆ. ಪಂಚಾಯಿತಿ ಚುನಾವಣೆಯಲ್ಲಿ ದಪ್ಪ ಇರುವವರಿಗೂ ಒಂದೇ ಓಟು, ಸಣಕಲು ಇರುವವರಿಗೂ ಒಂದೇ ಓಟು ಅಲ್ಲವೇ? ಹಾಗೆಯೇ ಇದು. ರಾಶಿ ಬೇರೆ, ಆವೇಶ ಬೇರೆ. ಪರಮಾಣುವಿನಲ್ಲಿ ಪ್ರೋಟಾನು ಎಷ್ಟೋ ಎಲೆಕ್ಟ್ರಾನೂ ಅಷ್ಟೇ ಇರುತ್ತವೆ. + ಮತ್ತು − ಸರಿಹೋಗಿ ಪರಮಾಣು ತಟಸ್ಥವಾಗಿರುತ್ತದೆ.

ಸೋಡಿಯಂ ಪರಮಾಣುವಿನಲ್ಲಿ 11 ಪ್ರೋಟಾನು, 12 ನ್ಯೂಟ್ರಾನು, 11 ಎಲೆಕ್ಟ್ರಾನು ಇವೆ. ಒಂದು ಎಲೆಕ್ಟ್ರಾನು ಹೋದರೆ ಅದರ ರಾಶಿ ಹೆಚ್ಚುಕಡಿಮೆ ಹಾಗೇ ಇರುತ್ತೆ, ಆದರೆ ಆವೇಶ 0 ಇದ್ದದ್ದು +1 ಆಗುತ್ತೆ. ಹೋದ ಎಲೆಕ್ಟ್ರಾನನ್ನು ಕ್ಲೋರಿನ್ ತೆಗೆದುಕೊಂಡು −1 ಆಗುತ್ತೆ. ಇವೆರಡೂ ಎಳೆದುಕೊಂಡು ಕೂಡಿದರೆ ಅದೇ ನಮ್ಮ ಅಡುಗೆ ಉಪ್ಪು! ತಂತಿಯಲ್ಲಿ ಕರೆಂಟು ಅನ್ನೋದೂ ಎಲೆಕ್ಟ್ರಾನುಗಳ ಓಡಾಟವೇ.

ಕಂಡುಹಿಡಿದವರು

1897ರಲ್ಲಿ ಇಂಗ್ಲೆಂಡಿನ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದರು. 1911ರಲ್ಲಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ ಎಂದು ತೋರಿಸಿದರು. ಪ್ರೋಟಾನನ್ನು ಗುರುತಿಸಿದವರೂ ಅವರೇ. ನ್ಯೂಟ್ರಾನು ಸಿಕ್ಕಿದ್ದು 1932ರಲ್ಲಿ, ಜೇಮ್ಸ್ ಚಾಡ್ವಿಕ್ ಅವರಿಗೆ. ಅಷ್ಟು ತಡ ಯಾಕೆ? ಅದಕ್ಕೆ ಆವೇಶ ಇಲ್ಲ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ಅದು ಬೇರೆ ಕಣಗಳ ಹಾಗೆ ಬಾಗುವುದಿಲ್ಲ. ಭಾರ ಇದ್ದರೂ ಸುಮ್ಮನೆ ಇರುವವನನ್ನು ಹುಡುಕೋದು ಕಷ್ಟ!

ಮಾಡಿ ನೋಡಿ

ಎಣ್ಣೆ ಹಚ್ಚದ ಒಣ ತಲೆಗೂದಲಿನಲ್ಲಿ ಪ್ಲಾಸ್ಟಿಕ್ ಬಾಚಣಿಗೆಯಿಂದ ಚೆನ್ನಾಗಿ ಬಾಚಿ, ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಹಾರಿ ಅಂಟಿಕೊಳ್ಳುತ್ತವೆ. ಕೂದಲಿನಿಂದ ಎಲೆಕ್ಟ್ರಾನುಗಳು ಬಾಚಣಿಗೆಗೆ ಬಂದಿವೆ. ಅದನ್ನು ಅಂಗಡಿಯ ತಕ್ಕಡಿಯಲ್ಲಿಟ್ಟರೆ ತೂಕ ಜಾಸ್ತಿ ಆಗಿದ್ದು ಗೊತ್ತಾಗೋದೇ ಇಲ್ಲ. ಆದರೆ ಕಾಗದಕ್ಕೆ ಗೊತ್ತಾಗುತ್ತೆ! ಮಳೆಗಾಲದಲ್ಲಿ ತೇವ ಇರುವುದರಿಂದ ಈ ಪ್ರಯೋಗ ಸರಿಯಾಗಿ ಬರುವುದಿಲ್ಲ.

ನೆನಪಿಡಿ: ಪರಮಾಣುವಿನ ರಾಶಿ ಹೆಚ್ಚಾಗಿ ನ್ಯೂಕ್ಲಿಯಸ್ಸಿನದು. ಆದರೆ ಕೊಡೋದು, ತಗೊಳ್ಳೋದು, ಕೂಡೋದು ಎಲ್ಲಾ ಹಗುರವಾದ ಎಲೆಕ್ಟ್ರಾನಿನ ಕೆಲಸ. ಆದ್ದರಿಂದ ಅದರ ರಾಶಿ ಸೊನ್ನೆ ಅಂತ ಬರೆಯಬೇಡಿ, ‘ಅತ್ಯಲ್ಪ’ ಎಂದು ಬರೆಯಿರಿ.

ಯೋಚಿಸಿ ಉತ್ತರಿಸಿ
1. ನ್ಯೂಟ್ರಾನು ಇಲ್ಲದೆಯೂ ಇರಬಲ್ಲ ಪರಮಾಣು ಯಾವ ಧಾತುವಿನದು?
2. 12 ಪ್ರೋಟಾನು ಇರುವ ಮೆಗ್ನೀಸಿಯಂ ಪರಮಾಣು 2 ಎಲೆಕ್ಟ್ರಾನು ಕಳೆದುಕೊಂಡರೆ ಅದರ ಆವೇಶ ಎಷ್ಟು?

(ಉತ್ತರಗಳು: 1. ಹೈಡ್ರೋಜನ್ 2. +2)

– 7ನೇ ತರಗತಿ