ಎರಡು ಕಂಪ್ಯೂಟರ್, ಒಂದೇ ಡಿಸ್ಕ್: ಲೆಕ್ಕಪತ್ರಗಳ ಸುರಕ್ಷತೆ

ಮಳೆಗಾಲದ ಸಿಡಿಲು ಮತ್ತು ವಿದ್ಯುತ್ ವ್ಯತ್ಯಯ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ವ್ಯಾಪಾರಸ್ಥರಿಗೆ ಹೊಸತಲ್ಲ. ಅಡಿಕೆ ಖರೀದಿಯ ಭರಾಟೆಯಲ್ಲಿ ಸರ್ವರ್ ಕೈಕೊಟ್ಟರೆ ಬಿಲ್ಲಿಂಗ್ ಸ್ಥಗಿತಗೊಳ್ಳುತ್ತದೆ. ಇದಕ್ಕೆ ಪರಿಹಾರವಾಗಿ ಎರಡು ಯುನಿಕ್ಸ್ ಅಥವಾ ಅದೇ ಮಾದರಿಯ ಲಿನಕ್ಸ್ ಕಂಪ್ಯೂಟರುಗಳಿಗೆ ಒಂದೇ ಡಿಸ್ಕ್ ಸಂಗ್ರಹವನ್ನು ಜೋಡಿಸುವ ‘ಕ್ಲಸ್ಟರ್’ ವ್ಯವಸ್ಥೆಯಿದೆ. ಐಬಿಎಂ ಸಂಸ್ಥೆಯು ತನ್ನ ಎಐಎಕ್ಸ್ ಯುನಿಕ್ಸ್‌ಗಾಗಿ ಇಂತಹ ತಂತ್ರಾಂಶವನ್ನು 1991ರಲ್ಲಿಯೇ ಹೊರತಂದಿತ್ತು.

ಸಾಮಾನ್ಯ ವಿಧಾನದಲ್ಲಿ ಒಂದು ಕಂಪ್ಯೂಟರ್ ಕಾರ್ಯನಿರ್ವಹಿಸುವಾಗ ಇನ್ನೊಂದು ಸನ್ನದ್ಧವಾಗಿ ಕಾಯುತ್ತಿರುತ್ತದೆ. ಇವುಗಳ ನಡುವೆ ‘ಹಾರ್ಟ್‌ಬೀಟ್’ ಎಂಬ ಸಂಕೇತ ಸದಾ ಹರಿಯುತ್ತಿರುತ್ತದೆ. ಅದು ನಿಂತರೆ ಕಾಯುತ್ತಿದ್ದ ಕಂಪ್ಯೂಟರ್ ಡಿಸ್ಕನ್ನು ವಶಕ್ಕೆ ಪಡೆದು ಕೆಲಸ ಮುಂದುವರಿಸುತ್ತದೆ.

ತೊಡಕಿರುವುದು ಇಲ್ಲಿಯೇ. ಕಂಪ್ಯೂಟರುಗಳೆರಡೂ ಸುಸ್ಥಿತಿಯಲ್ಲಿದ್ದು, ನಡುವಿನ ಸಂಪರ್ಕ ಮಾತ್ರ ಕಡಿದರೆ, ಎರಡೂ ತಾನೇ ಉಳಿದಿರುವೆನೆಂದು ಭಾವಿಸಿ ಒಂದೇ ಡಿಸ್ಕಿಗೆ ಬರೆಯತೊಡಗಬಹುದು. ಸಾಮಾನ್ಯ ಫೈಲ್ ಸಿಸ್ಟಮ್‌ನಲ್ಲಿ ಪ್ರತಿಯೊಂದು ಕಂಪ್ಯೂಟರ್ ಡಿಸ್ಕಿನ ಖಾಲಿ ಜಾಗದ ವಿವರವನ್ನು ತನ್ನ ಮೆಮೊರಿಯಲ್ಲಿಟ್ಟುಕೊಳ್ಳುವುದರಿಂದ ಒಂದು ಬರೆದುದು ಇನ್ನೊಂದಕ್ಕೆ ತಿಳಿಯದು. ಇಬ್ಬರು ಗುಮಾಸ್ತರು ಒಬ್ಬರನ್ನೊಬ್ಬರು ಕೇಳದೆ ಖಾತೆ ಪುಸ್ತಕದ ಒಂದೇ ಸಾಲಿನ ಮೇಲೆ ಬರೆದರೆ ಆಗುವ ಗತಿಯೇ ಇಲ್ಲಿಯೂ ಆಗುತ್ತದೆ, ಲೆಕ್ಕವೇ ಕೆಡುತ್ತದೆ.

ಆದುದರಿಂದ ಡಿಸ್ಕನ್ನು ವಶಪಡಿಸಿಕೊಳ್ಳುವ ಮೊದಲು ಇನ್ನೊಂದು ಕಂಪ್ಯೂಟರಿನ ವಿದ್ಯುತ್ ಕಡಿಯುವ ಅಥವಾ ಡಿಸ್ಕಿಗೆ ಅದರ ಪ್ರವೇಶವನ್ನು ತಡೆಯುವ ‘ಫೆನ್ಸಿಂಗ್’ ಅತ್ಯಗತ್ಯ. ಇಬ್ಬರಲ್ಲಿ ಬಹುಮತ ಸಾಧ್ಯವಿಲ್ಲದ ಕಾರಣ ನಿರ್ಣಾಯಕ ಮತಕ್ಕೆ ‘ಕೋರಂ ಡಿಸ್ಕ್’ ಬಳಸುವುದುಂಟು. ಎರಡೂ ಏಕಕಾಲದಲ್ಲಿ ಬರೆಯಬೇಕಿದ್ದರೆ ಬೀಗದ ನಿಯಮವಿರುವ ಜಿಎಫ್‌ಎಸ್2, ಒಸಿಎಫ್‌ಎಸ್2ನಂತಹ ಕ್ಲಸ್ಟರ್ ಫೈಲ್ ಸಿಸ್ಟಮ್‌ಗಳು ಬೇಕು.

ಇನ್ನೊಂದು ಮುಖ್ಯ ಅಂಶವೆಂದರೆ, ಕ್ಲಸ್ಟರ್ ಎಂಬುದು ಬ್ಯಾಕಪ್ ಅಲ್ಲ. ಡಿಸ್ಕ್ ಒಂದೇ ಆದುದರಿಂದ ತಪ್ಪಿ ಅಳಿಸಿದ ನಮೂದು ಎರಡೂ ಕಡೆ ಇಲ್ಲವಾಗುತ್ತದೆ. 2017ರ ಕೇಂದ್ರ ಜಿಎಸ್‌ಟಿ ನಿಯಮಗಳ 57ನೇ ನಿಯಮದಂತೆ, ಅಪಘಾತ ಅಥವಾ ಪ್ರಕೃತಿ ವಿಕೋಪದಿಂದ ದಾಖಲೆಗಳು ನಾಶವಾದರೂ ಸಮಂಜಸ ಅವಧಿಯೊಳಗೆ ಮರಳಿ ಪಡೆಯಬಲ್ಲ ವಿದ್ಯುನ್ಮಾನ ಬ್ಯಾಕಪ್ ಇರಬೇಕು. ಕಾಯಿದೆಯ 36ನೇ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕಡೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ವಿದ್ಯುನ್ಮಾನ ರೂಪದಲ್ಲಿ ಲೆಕ್ಕವಿಡುವ ಕಂಪನಿಗಳಾದರೆ, 2022ರ ತಿದ್ದುಪಡಿಯಂತೆ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇಡುವುದು ಕಡ್ಡಾಯ.

ಸಣ್ಣ ಉದ್ಯಮಗಳಲ್ಲಿ ಹೆಚ್ಚಿನವಕ್ಕೆ ಒಂದು ಸರ್ವರ್, ಉತ್ತಮ ಯುಪಿಎಸ್ ಹಾಗೂ ಬೇರೆ ಕಟ್ಟಡದಲ್ಲಿಟ್ಟ ದಿನನಿತ್ಯದ ಬ್ಯಾಕಪ್ ಸಾಕು. ಒಂದು ಗಂಟೆಯ ಸ್ಥಗಿತವೂ ಭಾರೀ ನಷ್ಟ ತರುವ ಉದ್ಯಮಗಳು ಮಾತ್ರ ಕ್ಲಸ್ಟರ್ ಕೊಳ್ಳುವುದು ಲೇಸು. ಕೊಳ್ಳುವವರು ಅಂತಿಮ ಹಣ ಪಾವತಿಸುವ ಮುನ್ನ, ಪರೀಕ್ಷಾ ದತ್ತಾಂಶವನ್ನಿಟ್ಟು ಹಾರ್ಟ್‌ಬೀಟ್ ಕೇಬಲ್ ಕಳಚಿ ತೋರಿಸುವಂತೆ ಮಾರಾಟಗಾರರನ್ನು ಕೇಳತಕ್ಕದ್ದು. ಆಗ ಒಂದು ಕಂಪ್ಯೂಟರ್ ಮಾತ್ರ ಡಿಸ್ಕಿಗೆ ಬರೆಯುತ್ತಿದ್ದರೆ ವ್ಯವಸ್ಥೆ ಸರಿಯಾಗಿದೆಯೆಂದು ತಿಳಿಯಬಹುದು.