70 ಪಟ್ಟು ವೇಗ ಎಂದರೆ 70 ಪಟ್ಟು ಅಪಾಯವೇ?

ಪ್ರಶ್ನೆ: ಹಲಸೂರಿನ ಓದುಗರೊಬ್ಬರ ತಾಯಿಗೆ 72 ವರ್ಷ, ಸಕ್ಕರೆ ಕಾಯಿಲೆಯೂ ಇದೆ. ಕೊರೊನಾ ವೈರಸ್ಸಿನ ಒಮಿಕ್ರಾನ್ ರೂಪಾಂತರಿ ಹಿಂದಿನ ಡೆಲ್ಟಾಕ್ಕಿಂತ 70 ಪಟ್ಟು ವೇಗವಾಗಿ ಬೆಳೆಯುತ್ತದೆ ಎಂದು ಅಂದು ಓದಿದ್ದು ಇಂದಿಗೂ ಮನೆಯವರ ನಿದ್ದೆಗೆಡಿಸುತ್ತದಂತೆ. ಆ ಲೆಕ್ಕ ಬಂದದ್ದು ಎಲ್ಲಿಂದ ಎಂದು ಕೇಳಿದ್ದಾರೆ.

ಉತ್ತರ: ಬೆಂಗಳೂರಿಗರಿಗೆ ಈ ಭಯ ಸಹಜ. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಪ್ರಕಟವಾದಾಗ ಎರಡೂ ಇದೇ ಊರಿನವು. ಒಬ್ಬರಂತೂ ವಿದೇಶಕ್ಕೆ ಹೋಗಿಬಂದವರಲ್ಲ, ಇಲ್ಲಿನ ವೈದ್ಯರು. ಎರಡು ವಾರದೊಳಗೆ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಿಂದ ಆ 70ರ ಸಂಖ್ಯೆ ಬಂತು. ಸುದ್ದಿಯಾದದ್ದು ಮಾತ್ರ ಅರ್ಧ.

ಚಿಕಿತ್ಸೆಗಾಗಿ ತೆಗೆದ ಮನುಷ್ಯರ ಶ್ವಾಸಾಂಗದ ಚೂರುಗಳಿಗೆ ಅಲ್ಲಿನವರು ವೈರಸ್ ಸೋಂಕಿಸಿದ್ದರು. 24 ಗಂಟೆ ಕಳೆದಾಗ ಶ್ವಾಸನಾಳದ ಕವಲಿನಲ್ಲಿ ಒಮಿಕ್ರಾನ್ ಡೆಲ್ಟಾಕ್ಕಿಂತ ಸುಮಾರು 70 ಪಟ್ಟು ಮುಂದಿತ್ತು. ಶ್ವಾಸಕೋಶದ ಒಳ ಅಂಗಾಂಶದಲ್ಲಿ ಅದೇ ಒಮಿಕ್ರಾನ್, ಮೂಲ ವೈರಸ್ಸಿನ ಹತ್ತನೆಯ ಒಂದು ಭಾಗದಷ್ಟೂ ಬೆಳೆದಿರಲಿಲ್ಲ. ನ್ಯುಮೋನಿಯಾ ಹುಟ್ಟುವುದು ಆ ಒಳಗಿನ ಜಾಗದಲ್ಲಿ. ಕಾಯಿಲೆಯ ತೀವ್ರತೆಯನ್ನು ವೈರಸ್ಸಿನ ಬೆಳವಣಿಗೆಯೊಂದೇ ತೀರ್ಮಾನಿಸುವುದಿಲ್ಲ, ದೇಹದ ಪ್ರತಿರೋಧವೂ ಮುಖ್ಯ ಎಂದು ಆ ವಿಜ್ಞಾನಿಗಳೇ ಎಚ್ಚರಿಸಿದ್ದರು.

ಪ್ರಯೋಗಾಲಯಗಳಲ್ಲಿ ವೈರಸ್ ಎಣಿಸುವ ಸಾಮಾನ್ಯ ಬಗೆ ಸರಳ, ಕೆಲಸ ನಾಜೂಕು. ಗುಲಾಬಿ ಬಣ್ಣದ ಪೋಷಕ ದ್ರವದಡಿ, 37 ಡಿಗ್ರಿ ಬಿಸಿಯಲ್ಲಿ, ಜೀವಕೋಶಗಳು ಒಂದೇ ಪದರವಾಗಿ ಹಾಸಿಕೊಂಡಿರುತ್ತವೆ. ಎರಡೂ ರೂಪಾಂತರಿಗಳನ್ನು ಸಮಪ್ರಮಾಣದಲ್ಲಿ ಬಿಡುತ್ತಾರೆ. 24, 48 ಗಂಟೆ ಕಳೆದಾಗ ತೆಗೆದ ದ್ರವವನ್ನು ಹತ್ತು ಪಟ್ಟು, ನೂರು ಪಟ್ಟು ತೆಳುಗೊಳಿಸಿ ಹೊಸ ಜೀವಕೋಶಗಳ ಮೇಲೆ ಹಾಕುತ್ತಾರೆ. ಕೆಲವು ದಿನ ಬಿಟ್ಟು ನೇರಳೆ ಬಣ್ಣ ಹಚ್ಚಿದರೆ ಬದುಕಿದ ಜೀವಕೋಶಗಳು ಬಣ್ಣ ಹಿಡಿಯುತ್ತವೆ. ವೈರಸ್ ತಿಂದುಹಾಕಿದ ಕಡೆ ಬಿಳಿ ಚುಕ್ಕೆ ಉಳಿಯುತ್ತದೆ. ಇಂಥ ಅನೇಕ ಲೆಕ್ಕಗಳು ಆ ಚುಕ್ಕೆಗಳ ಎಣಿಕೆಯಿಂದ ಹುಟ್ಟುತ್ತವೆ.

ಯಾವ ಜೀವಕೋಶ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ 2020ರಲ್ಲಿ ಈ ವೈರಸ್ಸನ್ನು ಬೆಳೆಸಿದ್ದು ವೆರೊ ಜೀವಕೋಶಗಳಲ್ಲಿ. 1962ರಲ್ಲಿ ಜಪಾನಿನಲ್ಲಿ ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದಿಂದ ಪಡೆದ ಈ ಜೀವಕೋಶಗಳಿಗೆ ವೈರಸ್ ತಡೆಯುವ ಇಂಟರ್‌ಫೆರಾನ್ ತಯಾರಿಸಲು ಬರುವುದಿಲ್ಲ. ವೈರಸ್ಸಿಗೆ ತಡೆಯೇ ಇಲ್ಲ. ಮನುಷ್ಯರ ಶ್ವಾಸಕೋಶ ಮೂಲದ ಕ್ಯಾಲು-3 ಜೀವಕೋಶಗಳಲ್ಲಿ ಗೆಲ್ಲುವುದು ಡೆಲ್ಟಾ. ಅಲ್ಲಿ ಹೇರಳವಾಗಿರುವ ಟಿಎಂಪಿಆರ್‌ಎಸ್‌ಎಸ್2 ಕಿಣ್ವವನ್ನು ಅದು ಚೆನ್ನಾಗಿ ಬಳಸಿಕೊಳ್ಳುತ್ತದೆ, ಒಮಿಕ್ರಾನ್‌ಗೆ ಅಷ್ಟು ಒಗ್ಗದು. ಇಂದಿರಾನಗರದ 100 ಅಡಿ ರಸ್ತೆಯಲ್ಲಿ ಹಾರುವ ಬೈಕು ರಸೆಲ್ ಮಾರ್ಕೆಟ್ ಪಕ್ಕದ ಓಣಿಯಲ್ಲಿ ತೆವಳುವ ಹಾಗೆ.

ಪ್ರಶ್ನೆ: ಸೋಂಕು ತಗುಲಿದರೆ ಯಾವ ರೂಪಾಂತರಿ ಎಂದು ಪರೀಕ್ಷೆ ಮಾಡಿಸಬೇಕೇ? ಇದು ಕೆ.ಆರ್. ಪುರದ ಓದುಗರದ್ದು.

ಉತ್ತರ: ಬೇಡ. ಆ ಪತ್ತೆ ಊರಿನ ಕಣ್ಗಾವಲಿಗಾಗಿ. ಅದಕ್ಕೆಂದೇ 2020ರ ಡಿಸೆಂಬರ್‌ನಲ್ಲಿ ಕಟ್ಟಿದ ಪ್ರಯೋಗಾಲಯಗಳ ಜಾಲದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿತ್ತು. ಮನೆಯಲ್ಲಿ ನೋಡಬೇಕಾದದ್ದು ವಯಸ್ಸು, ಸಕ್ಕರೆ, ಉಸಿರು. ಏದುಸಿರು ಬಂದರೆ, ಬೆರಳಿನ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ಬೆಳಗಾಗಲಿ ಎಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಬೇಕು: ಇಂದಿರಾನಗರದ ಕಡೆಯವರಿಗೆ ಸಿ.ವಿ. ರಾಮನ್ ಆಸ್ಪತ್ರೆ, ಶಿವಾಜಿನಗರದವರಿಗೆ ಬೌರಿಂಗ್.